ಏಳು ಖುಬ್ಬೂಸು

ಮನಾಮದ ಈ ಟಾಕೀಸಿನಲ್ಲಿ ನನ್ನ ಕೆಲಸ ಶುರುವಾಗುವುದು
ಜನ ಎದ್ದ ಮೇಲೆ.
ಕಸಬರಿಕೆ, ಕರಿ ಚೀಲ, ಸೊಂಟದಲ್ಲಿ ಟಾರ್ಚು;
ಪರದೆಯ ಮರೆಯಲ್ಲಿ ನಿಂತು
ಕೊನೆಯ ಹತ್ತು ನಿಮಿಷ ಕಾಯುತ್ತೇನೆ.

ಹಾಗಾಗಿ ಹನ್ನೆರಡು ವರ್ಷದಲ್ಲಿ
ನಾನು ಕಂಡದ್ದೆಲ್ಲ ಬರೀ ಕೊನೆಗಳು.
ಸತ್ತವರು ಯಾರೋ ಗೊತ್ತಿಲ್ಲ,
ಕೊಂದವರ ಮುಖ ಗೊತ್ತು:
ಡಾಕ್ಟರು, ಮೈದುನ, ಒಮ್ಮೆ ಒಬ್ಬಳು ಪಿಯಾನೋ ಟೀಚರು.
ಬೇಡಿ ಬಿದ್ದ ಕೈಗಳನ್ನು ಬೇಕಾದಷ್ಟು ನೋಡಿದ್ದೇನೆ,
ಯಾಕೆ ಬಿತ್ತೆಂದು ಕೇಳಬೇಡಿ.

ಮೊನ್ನೆ ಬಂದದ್ದು ಬೇರೆ ಥರದ್ದು.
ಕೊನೆಯಲ್ಲಿ ಬೇಡಿಯಿಲ್ಲ, ಗುಂಡಿಲ್ಲ.
ಪೆನ್ಷನ್ ಆದ ಪೊಲೀಸಿನವನೊಬ್ಬ
ಅಂಚೆ ಕಚೇರಿಯ ಮೆಟ್ಟಿಲಲ್ಲಿ
ಹಸಿರು ಛತ್ರಿ ಮಡಚುತ್ತಾನೆ, ಬಿಚ್ಚುತ್ತಾನೆ,
ಮತ್ತೆ ಮಡಚುತ್ತಾನೆ.
ಅಷ್ಟೆ. ಹೆಸರುಗಳು ಮೇಲೇರತೊಡಗುತ್ತವೆ.

'ಕೊಂದವ ಯಾರು ಹಾಗಾದರೆ?' ಒಬ್ಬ ರೇಗಿದ,
ಗೇಟಿನವನ ಹತ್ತಿರ ದುಡ್ಡು ವಾಪಸು ಕೇಳಿದ.
ನೆಲದಲ್ಲಿ ಕಸ ಕಡಿಮೆ.
ತಿನ್ನುವುದನ್ನೇ ಮರೆತಿದ್ದರು ಜನ;
ಕುರ್ಚಿ ಕುರ್ಚಿಗೂ ಅರ್ಧ ಡಬ್ಬಿ ಪಾಪ್‌ಕಾರ್ನು.

ಗುದೈಬಿಯಾದ ನಮ್ಮ ರೂಮಿನಲ್ಲಿ ಆಗ ಐದು ಮಂದಿ.
ಬಾಗಿಲ ಪಕ್ಕದ ಮಂಚ ಗಂಗೊಳ್ಳಿಯ ಇಸುಬುವಿನದು.
ಒಂದು ಬುಧವಾರ ಇಶಾ ನಮಾಜು ಮುಗಿಸಿ
ಚಾಕ್ಕೆ ನೀರಿಟ್ಟು, ಉರಿ ಸಣ್ಣ ಮಾಡಿ,
'ಖುಬ್ಬೂಸು ತಕಂಡ್ ಬತ್ತೆ' ಅಂದ.
ನೀರು ಆರಿತು.
ಪಾತ್ರೆಯ ತಳ ಕಪ್ಪಾಯಿತು.
ಚಾರ್ಜಿಗಿಟ್ಟ ಫೋನು ತುಂಬಿ
ಹಸಿರು ದೀಪ ಹಾಕಿಕೊಂಡು ಕೂತಿತ್ತು.

ಸಲ್ಮಾನಿಯಾ ಆಸ್ಪತ್ರೆ ನೋಡಿದೆವು,
ಸಿತ್ರಾದ ಬಲೆಯವರನ್ನು ಕೇಳಿದೆವು.
ಠಾಣೆಯಲ್ಲಿ ದುಭಾಷಿ ಕಣ್ಣೂರಿನವನು.
ಮನಸ್ಸಿಗೆ ಏನಾದರೂ ಆಗಿತ್ತಾ ಎಂದ.
'ಬೇಜಾರಿತ್ತು' ಅಂದೆ.
ಬೇಜಾರು ಅಂದರೆ? ದುಃಖವಾ, ದಣಿವಾ, ಸಿಟ್ಟಾ,
ಮಾಡಲು ಕೆಲಸವಿಲ್ಲದ್ದಾ? ಒಂದು ಹೇಳು.
ಎಲ್ಲಾ, ಅಂದೆ.
ಅವನು ಅಧಿಕಾರಿಗೆ ಒಂದೇ ಶಬ್ದ ಹೇಳಿದ.
ಬಲದಿಂದ ಎಡಕ್ಕೆ ಬರೆದುಕೊಂಡರು.
ಇಸುಬುವಿಗೆ ಇದ್ದದ್ದು ಏನೆಂದು
ಆ ಫೈಲಿಗೆ ಗೊತ್ತಿದೆ, ನನಗಿಲ್ಲ.

ತಂಗಿ ಝುಲೈಖಾ ರಂಜಾನಿಗೊಮ್ಮೆ ಫೋನು ಮಾಡುತ್ತಾಳೆ.
ಈಗೀಗ ಏನೂ ಕೇಳುವುದಿಲ್ಲ.
ಸೆಕೆ ಹೇಗಿದೆ, ಮೀನು ಎಷ್ಟು ಎಂದೆಲ್ಲ ಆಡಿ
ಆಮೇಲೆ ಸುಮ್ಮನಾಗುತ್ತಾಳೆ.
ನಾನೂ.
ಯಾರು ಮೊದಲು ಇಡುವುದೆಂದು ಇಬ್ಬರಿಗೂ ತಿಳಿಯುವುದಿಲ್ಲ.

ನಾಲ್ಕು ವರ್ಷದ ಮೇಲೆ,
ಪೇಶಾವರಕ್ಕೆ ಖಾಯಂ ಹೊರಟ ಭಟ್ಟಿಯವನು
ರೊಟ್ಟಿ ಕಾಗದದಲ್ಲಿ ಸುತ್ತುತ್ತ ಹೇಳಿದ:
'ನಿಮ್ಮವ ಅವತ್ತು ಏಳು ತಗೊಂಡ.
ದಿನಾ ಐದು. ಅವತ್ತು ಏಳು.
ಚಿಲ್ಲರೆ ಸಾಲದೆ ಐವತ್ತು ಫಿಲ್ಸು ಬಾಕಿ ಇಟ್ಟ.'
ಪೊಲೀಸರಿಗೆ ಯಾಕೆ ಹೇಳಲಿಲ್ಲ ಮಾರಾಯಾ?
'ರೊಟ್ಟಿ ಎಷ್ಟೆಂದು ಯಾರೂ ಕೇಳಲಿಲ್ಲ.'

ಏಳು.
ನಮ್ಮದು ಐದು ಕಳೆದರೆ ಎರಡು.
ಎಷ್ಟೋ ರಾತ್ರಿ ಆ ಎರಡನ್ನು
ಬಿಸಿಯಾಗಿಯೇ ಹಿಡಿದುಕೊಂಡು
ಗಲ್ಲಿ ಗಲ್ಲಿ ತಿರುಗಿದ್ದೇನೆ ಮಲಗಿದಲ್ಲೇ.
ಯಾವ ಬಾಗಿಲೂ ತೆರೆದಿಲ್ಲ.

ಕಳೆದ ಶುಕ್ರವಾರ ರಜೆ.
ಮೂರು ದಿನಾರು ಕೊಟ್ಟು ಟಿಕೆಟು ತಗೊಂಡು
ಅದೇ ಛತ್ರಿಯ ಚಿತ್ರ ಮೊದಲಿನಿಂದ ನೋಡಿದೆ.
ಛತ್ರಿ ಯಾರದ್ದು ಗೊತ್ತಾಯಿತು.
ಹುಡುಗಿ ಚೆನ್ನಾಗಿ ಸೀಟಿ ಹಾಕುತ್ತಿದ್ದಳು,
ಶಾಲೆಗೆ ತಡವಾಗಿ ಹೋಗುತ್ತಿದ್ದಳು,
ಕೊನೆ ಮಾತ್ರ ನೋಡುವವನಿಗೆ
ಇದೆಲ್ಲ ಹೇಗೆ ತಿಳಿಯಬೇಕು?
ಊರಿಡೀ ಲಾಟೀನು ಹಿಡಿದು ಹುಡುಕುತ್ತಿರುವಾಗಲೇ
ಎದ್ದು ಹೊರಗೆ ಬಂದೆ.
ಪರದೆಯ ಮರೆಯಲ್ಲಿ ಕಸಬರಿಕೆ ಹಿಡಿದು ನಿಂತ ನೇಪಾಳದ ಹುಡುಗ
ಉಚ್ಚೆಗೆ ಎಂದುಕೊಂಡು ದಾರಿ ತೋರಿಸಿದ.

ಭಟ್ಟಿಯಲ್ಲಿ ಈಗ ಹೊಸಬ.
ನಾಲ್ಕು ಖುಬ್ಬೂಸು ತಗೊಂಡು
ಐವತ್ತು ಫಿಲ್ಸು ಹೆಚ್ಚಿಗೆ ಇಟ್ಟೆ.
ಹಳೇ ಬಾಕಿ, ಅಂದೆ.
ಪುಸ್ತಕ ತೆರೆದು, ಹಿಟ್ಟಿನ ಬೆರಳಲ್ಲಿ ಪುಟ ತಿರುವಿ ಕೇಳಿದ:
ಹೆಸರು?